ಅಂಚಿನೊಳಗಿನ ಖಣದ ತುಂಡು

ನಮ್ಮ ದೊಡ್ಡವ್ವ ನಮ್ಮನ್ನೆಲ್ಲ ಇದುವರೆಗೆ ಎಷ್ಟು ಸಲ ಕೊಂದಿದ್ದಾಳೆಂದು ಕೇಳಿದರೆ ನನಗೂ ನೆನಪಿಲ್ಲ! ನಾನೊಬ್ಬಳೇ ಹತ್ತು ಸಲವಾದರೂ ಹೊಳೆಯಲ್ಲಿ ತೇಲಿ ಹೋಗಿರಬೇಕು. ತಮ್ಮನಿಗೆ ಎರಡು ಸಲ ಸಿಡಿಲು ಬಡಿದಿದೆ. ಅಪ್ಪನ ಮೇಲಂತೂ ಪ್ರತಿ ಮಳೆಗಾಲಕ್ಕೊಮ್ಮೆ ಹಿತ್ತಲ ಗೋಡೆ ಬೀಳುತ್ತದೆ. ಇದೆಲ್ಲ ನಡೆಯುವುದು ದೊಡ್ಡವ್ವನ ತಲೆಯೊಳಗೆ, ಅದೂ ರೊಟ್ಟಿ ಬಡಿಯುವ ಹೊತ್ತಿಗೆ. ಬಡಿದ ರೊಟ್ಟಿ ಹಂಚಿಗೆ ಬೀಳುವಷ್ಟರಲ್ಲಿ ನಮ್ಮನ್ನು ಮಣ್ಣು ಮಾಡಿ ಮುಗಿಸಿರುತ್ತಾಳೆ.

ದೊಡ್ಡವ್ವ ಎಂದರೆ ಅವ್ವನ ಅಕ್ಕ. ಗುಳೇದಗುಡ್ಡದಲ್ಲಿ ಮನೆಯೊಳಗೇ ಮಗ್ಗ ಇಟ್ಟುಕೊಂಡು ಕುಪ್ಪಸದ ಖಣ ನೇಯುತ್ತಾಳೆ. ನಾನು ಹುಟ್ಟುವ ಮೊದಲೇ ದೊಡ್ಡಪ್ಪ ಹಳ್ಳ ದಾಟುವಾಗ ನೀರಿನ ಸೆಳವಿಗೆ ಹೋದರಂತೆ. ಸಿಕ್ಕಿದ್ದು ಮೂರನೆಯ ದಿನ. ಆ ಮಾತನ್ನು ಆಕೆ ಎತ್ತುವುದಿಲ್ಲ, ನಾವು ಕೇಳುವುದಿಲ್ಲ. ಮಳೆ ಶುರುವಾಯಿತೆಂದರೆ ಮಗ್ಗ ನಿಲ್ಲಿಸಿ, ಐಹೊಳೆಯ ಹತ್ತಿರ ಹೊಳೆದಂಡೆಗಿರುವ ನಮ್ಮೂರಿಗೆ ಬಂದುಬಿಡುತ್ತಾಳೆ. ಯಾಕೆ? ನಮ್ಮನ್ನು ಉಳಿಸುವುದಕ್ಕೆ.

ಉಳಿಸುವ ಕೆಲಸ ಊಟಕ್ಕೆ ಕೂತಾಗ ಶುರು. ಫೋನು ನೀರಿಗೆ ಬಿದ್ದರೆ ಏನು ಮಾಡುತ್ತೀರಿ ಎಂಬುದು ಆಕೆಯ ಪ್ರಶ್ನೆ. ಆದ್ದರಿಂದ ಮನೆಯವರ ಮೂರು ನಂಬರು ಬಾಯಿಪಾಠ ಒಪ್ಪಿಸದೆ ತಾಟಿಗೆ ಏನೂ ಬೀಳುವುದಿಲ್ಲ. ಒಮ್ಮೆ ಹಬ್ಬದ ದಿನ ಅಪ್ಪನಿಗೆ ಅವ್ವನ ನಂಬರೇ ಬರಲಿಲ್ಲ.

"ಇಪ್ಪತ್ತೆರಡು ವರ್ಷ ಸಂಸಾರ ಮಾಡೀರಿ, ಹತ್ತು ಅಂಕಿ ನೆನಪಿಲ್ಲೇನ್ರಿ?" ಎಂದು ದೊಡ್ಡವ್ವ ಹೋಳಿಗೆಯ ಬುಟ್ಟಿಯನ್ನು ಅಪ್ಪನ ಮುಂದಿನಿಂದ ದಾಟಿಸಿ ನನ್ನ ಮುಂದಿಟ್ಟಳು.

"ಆಕಿ ಮನ್ಯಾಗ ಇರ್ತಾಳಲ್ಲರಿ, ನಾ ಯಾಕ ಫೋನ್ ಹಚ್ಚಲಿ?" ಎಂದರು ಅಪ್ಪ. ಅಪ್ಪನಿಗೆ ಆ ದಿನ ಹೋಳಿಗೆ ಸಿಕ್ಕಿದ್ದು ಸಂಜೆಯ ಚಹಾದ ಜೊತೆಗೆ.

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆ ಎಂದು ಟಿವಿಯಲ್ಲಿ ಹೇಳಿದರೂ ಸಾಕು, ಇಳಕಲ್ಲಿನಲ್ಲಿ ಓದುವ ತಮ್ಮನಿಗೆ ಫೋನು ಹೋಗುತ್ತಿತ್ತು: "ಕಿಡಕಿ ಹಾಕ್ಕೋ."

ನಾನು ಬಾಗಲಕೋಟೆಯ ಹಾಸ್ಟೆಲಿಗೆ ಸೇರಿದಾಗ ಆಕೆಯೂ ಬಂದಳು. ಕೈಚೀಲದಲ್ಲಿ ಟಾರ್ಚು, ಸೀಟಿ, ಬೆಲ್ಲ, ಪುಟಾಣಿ, ಎರಡೆರಡು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನನ್ನ ಮಾರ್ಕ್ಸ್ ಕಾರ್ಡು, ಮತ್ತು ಎಮ್ಮೆ ಕಟ್ಟುವಂಥ ಒಂದು ಹಗ್ಗ. ನೇರ ವಾರ್ಡನ್ ಮೇಡಂ ಮುಂದೆ ಹೋಗಿ ನಿಂತಳು.

"ನೀರು ಬಂದ್ರ ಈ ಹುಡುಗ್ಯಾರನ್ನ ಎಲ್ಲಿಗೆ ಕರಕೊಂಡು ಹೋಗ್ತೀರಿ?"

"ಯವ್ವಾ, ಇದು ನವನಗರ. ಇಲ್ಲಿ ನಳದಾಗ ಸೈತ ನೀರು ದಾರಿ ನೋಡಬೇಕು. ಹೊಳಿ ಎಲ್ಲಿಂದ ಬರ್ತೈತಿ?" ಮೇಡಂ ನಕ್ಕರು.

"ಹಳೇ ಊರು ಬಿಟ್ಟು ಇಷ್ಟು ಮಂದಿ ಇಲ್ಲಿಗೆ ಯಾಕ ಬಂದ್ರಿ ಮತ್ತ, ಗಾಳಿ ತಗೊಳ್ಳಾಕ?"

ಮೇಡಂ ಅವರ ತವರುಮನೆ ಇದ್ದದ್ದು ಹಳೆಯ ಬಾಗಲಕೋಟೆಯಲ್ಲಿ. ಅದು ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷವಾಗಿತ್ತು. ಅವರು ಹಗ್ಗ ಇಸಿದುಕೊಂಡು ಮೆಟ್ಟಿಲ ಹತ್ತಿರದ ಮೊಳೆಗೆ ಸಿಕ್ಕಿಸಿದರು.

ಇಷ್ಟೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದಿತ್ತು. ನನ್ನ ಪ್ರತಿಯೊಂದು ಚೂಡಿದಾರದ ಅಂಚಿನೊಳಗೆ ಆಕೆ ಬೆರಳಗಲದ ಖಣದ ತುಂಡೊಂದನ್ನು ಹೊಲಿದುಬಿಟ್ಟಿದ್ದಳು. ನನಗೆ ಗಿಣಿಹಸಿರು, ತಮ್ಮನ ಅಂಗಿಗಳಿಗೆ ಕುಂಕುಮದ ಬಣ್ಣ. ಆ ಬಣ್ಣ, ಆ ಹೂವು ಬೇರೆ ಯಾರಿಗೂ ನೇಯ್ದು ಕೊಡುತ್ತಿರಲಿಲ್ಲ. ಯಾಕೆ ಇದು ಎಂದರೆ ಒಂದೇ ಮಾತು: "ಗುರುತಿಗೆ." ಹಾಸ್ಟೆಲಿನಲ್ಲಿ ಒಗೆದ ಬಟ್ಟೆ ಅದಲುಬದಲಾಗದಿರಲಿ ಎಂದಿರಬೇಕು ಅಂದುಕೊಂಡೆ. ಆದರೆ ಒಣಹಾಕಿದಾಗ ಗೆಳತಿಯರು ಅಂಚು ಎತ್ತಿ ನೋಡಿ ನಗುತ್ತಿದ್ದರು. "ಇಕಿಗೆ ಒಳಗೂ ಖಣ ಬೇಕಂತವ್ವಾ." ಒಂದು ಭಾನುವಾರ ಬ್ಲೇಡು ಹಿಡಿದು ಕೂತು ಎಲ್ಲವನ್ನೂ ಬಿಚ್ಚಿ ಕಸದ ಡಬ್ಬಿಗೆ ಹಾಕಿದೆ. ಹಾಯೆನಿಸಿತು.

ಎರಡನೆಯ ವರ್ಷದ ಮಳೆಗಾಲ. ಒಂದು ಶನಿವಾರ ಮಧ್ಯಾಹ್ನ ಹಾಸ್ಟೆಲಿನ ಪುಸ್ತಕದಲ್ಲಿ ಸಹಿ ಮಾಡಿ ಊರಿಗೆ ಹೊರಟೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಸೇತುವೆ ಮುಳುಗಿತ್ತು, ಬಸ್ಸು ಈಚೆ ದಂಡೆಗೇ ನಿಂತಿತು. ಜೊತೆಗಿದ್ದ ಗೆಳತಿಯ ಹಳ್ಳಿ ಅಲ್ಲೇ ಇತ್ತು, ಅವಳ ಮನೆಗೆ ಹೋದೆ. ಕರೆಂಟಿಲ್ಲ, ಟವರಿಲ್ಲ. ಮೂರು ನಂಬರು ಬಾಯಿಪಾಠ, ಹಚ್ಚುವುದಕ್ಕೆ ನಡೆಯುವ ಫೋನು ಒಂದೂ ಇಲ್ಲ! ಗೆಳತಿಯ ಅವ್ವ ಬಿಸಿ ರೊಟ್ಟಿ, ಜುಣಕ ಹಾಕಿದರು. ಎರಡು ದಿನ ಹೊಟ್ಟೆತುಂಬ ಉಂಡೆ, ಹರಟೆ ಹೊಡೆದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಯಾಕೆಂದರೆ ಆಚೆ ದಂಡೆಯಲ್ಲಿ ಅಪ್ಪ ಹಾಸ್ಟೆಲಿಗೆ ಫೋನು ಮಾಡಿದ್ದರು, "ಶನಿವಾರನ ಹೋಗ್ಯಾಳ" ಎಂಬ ಉತ್ತರ ಬಂದಿತ್ತು, ಠಾಣೆಗೆ ತಿಳಿಸಿದ್ದರು. ಸೋಮವಾರ ಬೆಳಿಗ್ಗೆ ಪೊಲೀಸರು ಬಂದರು. ಹೊಳೆದಂಡೆಯ ಮುಳ್ಳುಕಂಟಿಯಲ್ಲಿ ಒಬ್ಬ ಹುಡುಗಿಯ ಹೆಣ ಸಿಕ್ಕಿದೆ, ಇಪ್ಪತ್ತರೊಳಗಿನ ವಯಸ್ಸು, ಚೂಡಿದಾರ ಹಾಕಿದ್ದಾಳೆ, ತಾಲೂಕಿನ ದವಾಖಾನೆಗೆ ಬಂದು ನೋಡಿ ಎಂದರು. ಅಪ್ಪ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದವರು ಇನ್ನೊಂದು ಮೆಟ್ಟಲಾಗದೆ ಹೊಸ್ತಿಲ ಮೇಲೆ ಕುಸಿದರಂತೆ.

"ನೀವು ಇಲ್ಲೇ ಇರ್ರಿ. ನಾ ಹೋಗಿ ಬರ್ತೇನಿ," ಎಂದು ದೊಡ್ಡವ್ವ ಪೊಲೀಸರ ಜೀಪು ಹತ್ತಿದಳು. ಮಧ್ಯಾಹ್ನ ಮರಳಿ ಬಂದು "ನಮ್ಮಾಕಿ ಅಲ್ಲ" ಎಂದಷ್ಟೇ ಹೇಳಿ ಬಚ್ಚಲಿಗೆ ಹೋದಳಂತೆ.

ಅದೇ ದಿನ ನೀರು ಇಳಿದು ಸಂಜೆಯ ಹೊತ್ತಿಗೆ ನಾನು ಮನೆಗೆ ಬಂದೆ. ಅವ್ವ ಮೊದಲು ಹೊಡೆದಳು, ಆಮೇಲೆ ತಬ್ಬಿಕೊಂಡು ಅತ್ತಳು, ಅಳುತ್ತಲೇ ನಡೆದದ್ದೆಲ್ಲ ಹೇಳಿದಳು. ಆ ಖಣದ ತುಂಡುಗಳು ಯಾವ ಗುರುತಿಗೆ ಎಂಬುದು ಆಗ ನನಗೆ ತಿಳಿಯಿತು. ಪಡಸಾಲೆಯಲ್ಲಿ ಕೂತಿದ್ದ ದೊಡ್ಡವ್ವನ ಹತ್ತಿರ ಹೋದೆ.

"ದೊಡ್ಡವ್ವಾ, ತುಂಡು ಇರಲಿಲ್ಲಂತ ನಾ ಅಲ್ಲ ಅಂದ್ಯೇನು? ನಾ ಅವನ್ನೆಲ್ಲಾ ಬಿಚ್ಚಿ ಒಗದಿದ್ನಿ."

"ಗೊತ್ತೈತಿ," ಎಂದಳು. "ಹೋದ ತಿಂಗಳ ನಿನ್ನ ಅರಬಿ ತೊಳಿಯುವಾಗ ನೋಡಿದ್ನಿ. ಬರೇ ಸೂಜಿ ತೂತು ಇದ್ದುವು. ಬೈದ್ರ ನೊಂದ್ಕೋತಿ ಅಂತ ಸುಮ್ಮನಾದ್ನಿ."

"ಮತ್ತ ಹ್ಯಾಂಗ ಗುರುತು ಹಿಡದಿ?"

"ಮಾರಿ ನೋಡಿದ್ನಿ."

ನನ್ನ ಜೀವಮಾನದಲ್ಲಿ ಮೊದಲ ಸಲ ಆಕೆ ದೊಡ್ಡಪ್ಪನ ಮಾತೆತ್ತಿದಳು.

"ನಿಮ್ಮ ದೊಡ್ಡಪ್ಪಂದೂ ಮಾರಿ ನೋಡೇ ಗುರುತು ಹೇಳಿದ್ನಿ. ಅವತ್ತಿಂದ ಅವರದು ಬ್ಯಾರೆ ಮಾರಿ ನೆನಪಿಗೇ ಬರವಲ್ದು. ನಕ್ಕಿದ್ದು, ಸಿಟ್ಟಿಗೆದ್ದಿದ್ದು, ಮದವ್ಯಾಗ ಕುಂತಿದ್ದು, ಯಾವುದೂ ಇಲ್ಲ. ಅದೊಂದ ಐತಿ. ನಿಮ್ಮವ್ವಗ ಹಂಗ ಆಗಬಾರದಂತ ಹೊಲದಿದ್ನಿ. ಅಂಚು ತಿರುವಿ ನೋಡಿದ್ರ ಮುಗೀತು. ಮಾರಿಮ್ಯಾಲಿನ ಅರಬಿ ತಗಿಯೂದು ಬ್ಯಾಡ."

ನನಗೆ ಅಳು ತಡೆಯಲಾಗಲಿಲ್ಲ.

"ಪಾಪ, ನಿನ್ನಂಗ ಸಣ್ಣ ಹುಡುಗಿ," ಎಂದಳು. "ಆಕಿ ಅವ್ವ ಬರೂತನಕ ಅಲ್ಲೇ ಕುಂತಿದ್ನಿ. ಅಳಬ್ಯಾಡ ನೀ. ಕಣ್ಣು ಒರಿಸ್ಕೊಂಡು ಹಿಂಗ ಬೆಳಕಿಗೆ ತಿರುಗಿ ಕುಂಡ್ರು. ಒಂದೀಟು ನಿನ್ನ ಮಾರಿ ನೋಡ್ತೇನಿ."

ಕುಳಿತೆ. ಅವ್ವ ಚಹಾ ತಂದಿಟ್ಟು ಹೋದಳು. ಅದು ಆರಿ ತಣ್ಣಗಾದ ಮೇಲೂ ದೊಡ್ಡವ್ವ ನೋಡುತ್ತಲೇ ಇದ್ದಳು.