ಬಲಗಡೆಯವರು ದಯವಿಟ್ಟು ಕೆಳಗಿಳಿಯಬೇಕು

ಶ್ರೀಮಾನ್ ಎಡಗಡೆಯವರು ಮತ್ತು ಶ್ರೀಮಾನ್ ಬಲಗಡೆಯವರು,
ಸಿಲಿಕೋನ್ ವಂಶಸ್ಥರು,
ನನ್ನ ಎದೆ, ಮೇಲಂತಸ್ತು.

ಮಾನ್ಯರೇ,

ತಮ್ಮ ಪಾದಗಳಿಗೆ ನಮಸ್ಕರಿಸೋಣವೆಂದರೆ ತಮಗೆ ಪಾದಗಳಿಲ್ಲ, ತಲೆಬಾಗೋಣವೆಂದರೆ ಬಾಗಿದ ತಲೆ ನೇರವಾಗಿ ತಮಗೇ ಬಂದು ತಾಗುತ್ತದೆ. ಆದ್ದರಿಂದ ಡಾಕ್ಟರು ಅನುಮತಿಸಿದ ಎತ್ತರದವರೆಗೆ ಮಾತ್ರ ಕೈ ಎತ್ತಿ, ತಮ್ಮ ದುಂಡನೆಯ ಸನ್ನಿಧಿಗೆ ವಂದಿಸಿ, ಈ ದೂರನ್ನು ಸಲ್ಲಿಸುತ್ತಿದ್ದೇನೆ. ಮನೆಯೊಳಗಿನ ವಿಷಯವನ್ನು ಹೀಗೆ ಬಹಿರಂಗವಾಗಿ ಬರೆಯಬಹುದೇ ಎಂದು ತಾವು ಮುನಿಸಿಕೊಳ್ಳಬಾರದು. ತಾವು ಆಗಮಿಸಿದ ದಿನದಿಂದ ತಮ್ಮ ವಿಷಯ ನಮ್ಮ ಬೀದಿಯಲ್ಲಿ ಗುಟ್ಟಾಗಿ ಉಳಿದಿಲ್ಲ. ನಾನು ಅಂಗಡಿಯ ಬಾಗಿಲು ದಾಟುವ ಮುಂಚೆ ತಾವು ದಾಟಿರುತ್ತೀರಿ.

ನಾನು ಹೆಂಗಸರ ಬಟ್ಟೆ ಹೊಲಿಯುವವಳೆಂಬುದು ತಮಗೆ ತಿಳಿದೇ ಇದೆ. ಮೂರು ಮಕ್ಕಳಿಗೆ ಹಾಲುಣಿಸಿ, ಉಳಿದ ಹೊತ್ತೆಲ್ಲ ನನ್ನ ಜೊತೆ ಮೆಷಿನ್ನಿನ ಮೇಲೆ ಬಗ್ಗಿ ದುಡಿದ ಹಳಬರು, ಪಾಪ, ಇಳಿದು ಇಳಿದು ಮೆಷಿನ್ನಿನ ಹಲಗೆಯ ಮೇಲೆಯೇ ವಿಶ್ರಮಿಸತೊಡಗಿದ್ದರು. ಒಂದು ದಿನವಂತೂ ಯಾರದೋ ರವಿಕೆಯ ತೋಳಿನ ಜೊತೆಗೆ ಅವರನ್ನೂ ಸೂಜಿಯ ಕೆಳಗೆ ತಳ್ಳಿಬಿಡುತ್ತಿದ್ದೆ. ಆದರೆ ಡಾಕ್ಟರ ಬಳಿ ಹೋದದ್ದು ಅದಕ್ಕಲ್ಲ. ಅಂಗಡಿಯ ಆಳೆತ್ತರದ ಕನ್ನಡಿಯ ಮುಂದೆ ದಿನವಿಡೀ ಬೇರೆ ಹೆಂಗಸರು ನಿಂತು ಹಿಂದೆ ಮುಂದೆ ತಿರುಗಿ ನೋಡಿಕೊಳ್ಳುತ್ತಾರೆ, ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವರ ಬೆನ್ನ ಹಿಂದೆ ಕೂತಿರುತ್ತೇನೆ. ಒಂದೇ ಒಂದು ಸಲ ನಾನು ಆ ಕಡೆ ನಿಲ್ಲಬೇಕು, ನನ್ನ ಮಗಳ ಮದುವೆಗೆ ನನ್ನ ಕೈಯಲ್ಲೇ ಹೊಲಿದ ಗೌನು ತೊಟ್ಟು ನಿಲ್ಲಬೇಕು ಎಂಬ ಆಸೆ ನನಗಿತ್ತು. ಆಸೆ ಎಂದರೆ ಆಸೆ, ಅಷ್ಟೇ.

ಹಳಬರನ್ನು ಮೇಲೆತ್ತಿ ಕಟ್ಟಿ, ಅವರ ಬೆನ್ನಿಗೆ ತಮ್ಮನ್ನು ಕೂರಿಸುವುದಾಗಿ ಡಾಕ್ಟರು ಹೇಳಿದರು. ಮೊದಮೊದಲು ತಾವು ಊದಿಕೊಂಡು ಎತ್ತರದಲ್ಲಿ ಕೂತಿರುತ್ತೀರೆಂದೂ, ನಿಧಾನವಾಗಿ ಇಳಿದು ತಮ್ಮ ಜಾಗಕ್ಕೆ ಬರುತ್ತೀರೆಂದೂ, ಅದಕ್ಕೆ ಮೂರರಿಂದ ಆರು ತಿಂಗಳು ಹಿಡಿಯುತ್ತದೆಂದೂ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮದುವೆ ಮೂರು ತಿಂಗಳಿಗೆ ಇತ್ತು, ಹಾಗಾಗಿ ಮೂರು ಎಂಬುದು ನನಗೆ ಚೆನ್ನಾಗಿ ಕೇಳಿಸಿತು, ಆರು ಎಂಬುದು ಫ್ಯಾನಿನ ಗಾಳಿಗೆ ಹೋಯಿತು. ಮಂಗಳವಾರ ಕೊಡುತ್ತೇನೆಂದು ಹೇಳಿ ಅದರ ಮುಂದಿನ ಮಂಗಳವಾರ ಕೊಡುವುದು ನಮ್ಮ ಕಸುಬಿನ ಹಕ್ಕು, ಡಾಕ್ಟರರ ಕಸುಬು ಹಾಗಲ್ಲ ಎಂದುಕೊಂಡೆ. ಆಪರೇಷನ್ ಆದಮೇಲೆ ಕೈ ಆಡಿಸಲಾಗುವುದಿಲ್ಲವೆಂದು ಮುಂಚಿತವಾಗಿಯೇ, ಆ ಚಿತ್ರವನ್ನು ನಂಬಿ, ಇನ್ನೂ ಬಾರದ ಎದೆಗೆ ಅಳತೆ ಹಾಕಿ, ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಕಾದಿದ್ದ ನೇರಳೆ ರೇಷ್ಮೆಗೆ ಕತ್ತರಿ ಇಟ್ಟುಬಿಟ್ಟೆ.

ಯಾವ ಗಿರಾಕಿಗೂ ಹೊಲಿಗೆಯ ಒಳಗೆ ಎರಡು ಬೆರಳಗಲ ಬಟ್ಟೆ ಬಿಡದೆ ನಾನು ಹೊಲಿದವಳಲ್ಲ, ಏಕೆಂದರೆ ಹೆಂಗಸರ ಮೈ ಯಾವಾಗ ಏನು ಮಾಡುತ್ತದೋ ಹೇಳಲಾಗುವುದಿಲ್ಲ. ನನ್ನದಕ್ಕೆ ಮಾತ್ರ, ಒಳಮಡಿಕೆ ರೇಷ್ಮೆಯ ಮೇಲೆ ಗೆರೆಯಾಗಿ ಕಾಣಬಾರದೆಂಬ ಜಂಬಕ್ಕೆ ಬಿದ್ದು, ಒಂದೆಳೆ ಹೆಚ್ಚು ಬಿಡದೆ ಹೊಲಿದೆ. ತಮ್ಮ ಮೇಲೆ ನಾನಿಟ್ಟ ಭರವಸೆ ಎಷ್ಟೆಂಬುದನ್ನು ಇದರಿಂದ ತಾವೇ ಊಹಿಸಿಕೊಳ್ಳಬಹುದು.

ತಮ್ಮ ಸೇವೆಯಲ್ಲಿ ನಾನು ಕೊರತೆ ಮಾಡಿದೆನೆಂದು ಯಾರೂ ಹೇಳುವಂತಿಲ್ಲ. ಮಗ್ಗುಲಾದರೆ ತಮಗೆ ಬೇಸರವಾದೀತೆಂದು ವಾರಗಟ್ಟಲೆ ನಾಲ್ಕು ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡಿದೆ. ಸೀನು ಬಂದರೆ ಮೂಗು ಹಿಡಿದುಕೊಂಡು ದೇವರಿಗೆ ಅರ್ಜಿ ಹಾಕಿದೆ. ಗಾಯದ ಸುತ್ತ ಮರಗಟ್ಟಿದ್ದ ಚರ್ಮದಲ್ಲಿ ಇದ್ದಕ್ಕಿದ್ದಂತೆ ಕರೆಂಟು ಹೊಡೆದಂತೆ ಚುಳುಕ್ ಎಂದಾಗಲೆಲ್ಲ ಅದನ್ನು ತಮ್ಮ ಕುಶಲೋಪರಿ ಎಂದೇ ಭಾವಿಸಿ, ಅಯ್ಯೋ ಎಂದು ಉತ್ತರಿಸಿದೆ. ಕೈ ಎತ್ತಬಾರದೆಂದಿದ್ದರಿಂದ ನನ್ನ ತಲೆ ತೊಳೆಯುವ ಕೆಲಸ ನಮ್ಮ ಯಜಮಾನರ ಪಾಲಿಗೆ ಬಂತು. ಅವರು ಗೋಡೆಗೆ ಬಣ್ಣ ಬಳಿಯುವವರು. ಶಾಂಪೂವನ್ನೂ ಎರಡು ಕೋಟ್ ಹೊಡೆದು, ಮೊದಲನೆಯದು ಒಣಗುವವರೆಗೆ ಕಾಯಬೇಕೆಂದು ಹಟ ಹಿಡಿದರು.

ಇನ್ನು ನಮ್ಮ ಅತ್ತೆಯವರು. ಆಪರೇಷನ್ ಎಂದ ದಿನ "ಬೇರೆ ಕೆಲ್ಸ ಇಲ್ವೇನೇ ನಿಂಗೆ" ಎಂದು ಒಂದೇ ಮಾತು ಹೇಳಿ ಮುಖ ತಿರುಗಿಸಿದವರು, ಆಮೇಲೆ ತಮ್ಮಿಬ್ಬರ ಹೆಸರೆತ್ತದೆ ನೆಂಟರು ಎಂದೇ ಕರೆಯುತ್ತಾ ಬಂದಿದ್ದಾರೆ. ಆದರೂ ಆಸ್ಪತ್ರೆಯಿಂದ ಮನೆಗೆ ಬರುವಾಗ ಕಾರಿನ ಬೆಲ್ಟು ತಮಗೆ ಒತ್ತಬಾರದೆಂದು ಅಂಗಡಿಯ ಚಿಂದಿಚೂರುಗಳನ್ನೆಲ್ಲ ತುಂಬಿ ಪುಟ್ಟ ದಿಂಬೊಂದನ್ನು ಹೊಲಿದುಕೊಟ್ಟರು. ಅಂಕುಡೊಂಕು ಹೊಲಿಗೆ, ನೋಡಿದರೆ ನನ್ನ ಕೈ ತುರಿಸುತ್ತದೆ. ಅಂದಿನಿಂದ ಇಂದಿನವರೆಗೆ ಆ ದಿಂಬು ನನ್ನ ತೋಳಿನಿಂದ ಇಳಿದಿಲ್ಲ, ಮತ್ತು ದಿನಾ ಬೆಳಗ್ಗೆ ಕಾಫಿ ಲೋಟ ಕೈಗಿಡುವಾಗ ಅತ್ತೆಯವರು "ನೆಂಟ್ರು ಇಳಿದ್ರಾ?" ಎಂದು ಕೇಳುವುದೂ ತಪ್ಪಿಲ್ಲ.

ಎಡಗಡೆಯವರು ಇಳಿದರು. ಅವರ ಸೌಜನ್ಯಕ್ಕೆ ನಾನು ಚಿರಋಣಿ. ಗಲಾಟೆಯಿಲ್ಲದೆ, ಚಿತ್ರದಲ್ಲಿ ತೋರಿಸಿದ್ದ ಜಾಗಕ್ಕೇ ಬಂದು, ಮೆತ್ತಗಾಗಿ, ಹುಟ್ಟಿದಾಗಿನಿಂದ ಅಲ್ಲೇ ಇದ್ದವರಂತೆ ಕೂತಿದ್ದಾರೆ. ಬಲಗಡೆಯವರೇ, ತಮ್ಮ ವಿಷಯದಲ್ಲಿ ಏನು ಹೇಳಲಿ? ತಮ್ಮ ಸ್ಥಿರತೆಯನ್ನು ನಮ್ಮ ಯಜಮಾನರು ಮೊನ್ನೆ ಒಂದು ಕಣ್ಣು ಮುಚ್ಚಿ ಅಳೆದು ನೋಡಿ, "ಎಡಗಡೆ ಕರೆಕ್ಟಾಗಿದೆ, ಬಲಗಡೆ ಒಂಚೂರು ಮೇಲಿದೆ, ರಸಮಟ್ಟ ತರ್ಲಾ?" ಎಂದರು. ಗೋಡೆಯ ಸೊಟ್ಟ ಪಟ್ಟನೆ ಕಾಣಲೆಂದು ಅದರ ಮೇಲಿಡುವ ನೀರುಗೊಳವೆಯ ಪಟ್ಟಿ ಅದು. ತರಬೇಡಿ ಎಂದೆ. ಡಾಕ್ಟರು ಮಾತ್ರ ನೋಡಿ, ಎಲ್ಲ ಸರಿಯಿದೆ, ಎರಡು ಕಡೆಯೂ ಒಟ್ಟಿಗೇ ಇಳಿಯುವುದು ಅಪರೂಪ, ತಾಳ್ಮೆಯಿರಲಿ ಎಂದು ನಕ್ಕರು. ಅವರಿಗೇನು, ಅವರ ಮಗಳ ಮದುವೆಯೇ?

ಮದುವೆ ನಾಳೆ. ಇವತ್ತು ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿ ಗೌನು ತೊಟ್ಟು ನೋಡಿದೆ. ಎದೆಯ ಉಬ್ಬಿಗೆ ಜಾಗ ಮಾಡಿಕೊಡಲು ನಾವು ಹಾಕುವ ಮಡಿಕೆಗೆ ಡಾರ್ಟ್ ಎನ್ನುತ್ತೇವೆ. ಎಡಗಡೆಯವರು ತಮ್ಮ ಡಾರ್ಟಿನಲ್ಲಿ ರಾಜಕುಮಾರನ ಹಾಗೆ ಕೂತರು. ಬಲಗಡೆಯ ಡಾರ್ಟು ಕೆಳಗೆ ಖಾಲಿ ಬಾಯಿ ಬಿಟ್ಟುಕೊಂಡು ನಿಂತಿದೆ, ತಾವು ಅದರ ಮೇಲೆ, ಕುತ್ತಿಗೆಯ ಸಮೀಪ, ದರಬಾರು ನಡೆಸುತ್ತಿದ್ದೀರಿ, ಪಕ್ಕದ ಜಿಪ್ಪು ಅರ್ಧಕ್ಕೆ ಬಂದು ಕೈಚೆಲ್ಲಿತು. ಊರವರ ಬಟ್ಟೆಯನ್ನೆಲ್ಲ ಸರಿಮಾಡಿಕೊಟ್ಟ ನಾನು ನಾಳೆ ಮದುವೆಯಲ್ಲಿ ಗೌನು ಬಿಟ್ಟು ನನ್ನ ಹಳೆಯ ಬೂದು ಕೋಟನ್ನೇ ಹಾಕಿಕೊಂಡು ಫೋಟೋದ ಮೂಲೆಯಲ್ಲಿ ನಿಲ್ಲಬೇಕು. ನನಗೆ ಅಳು ಬಂತು, ಮಾನ್ಯರೇ. ಅತ್ತದ್ದೂ ಕೂಡ, ಎದೆ ಅದುರಿಸಬಾರದಲ್ಲ ಎಂದು, ಮೆಲ್ಲಗೇ.

ಆದಕಾರಣ ತಮ್ಮಲ್ಲಿ ವಿನಯಪೂರ್ವಕವಾಗಿ ಕೇಳಿಕೊಳ್ಳುವುದೇನೆಂದರೆ, ಬಲಗಡೆಯವರು ನಾಳೆ ಬೆಳಗಿನ ಒಳಗಾಗಿ ಕೆಳಗಿಳಿಯಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ ಎಡಗಡೆಯವರಾದರೂ ದೊಡ್ಡ ಮನಸ್ಸು ಮಾಡಿ ಒಂದು ದಿನದ ಮಟ್ಟಿಗೆ ಮೇಲೆ ಹತ್ತಬೇಕು. ಅದೂ ಆಗದಿದ್ದರೆ ಇಬ್ಬರೂ ಕೂತು ಮಾತಾಡಿಕೊಂಡು, ಊಟದ ಹೊತ್ತಿಗೆ ಮೇಲೆ, ಫೋಟೋ ಹೊತ್ತಿಗೆ ಕೆಳಗೆ ಎಂದು ಪಾಳಿಯನ್ನಾದರೂ ಗೊತ್ತುಮಾಡಿಕೊಳ್ಳಬೇಕು. ಆ ಮಾತುಕತೆಯ ಮಧ್ಯೆ ನಾನು ಬಾಯಿ ಹಾಕುವುದಿಲ್ಲ.

ಇಷ್ಟು ಬರೆದಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಾಗ ಅತ್ತೆಯವರು ಹಿಂಬಾಗಿಲಿನಿಂದ ಅಂಗಡಿಗೆ ಬಂದರು, ಆದ್ದರಿಂದ ಮುಂದಿನದನ್ನು ಸಂಜೆ ಬರೆಯುತ್ತಿದ್ದೇನೆ. ನನ್ನನ್ನೂ ಅರ್ಧ ನಿಂತ ಜಿಪ್ಪನ್ನೂ ನೋಡಿದರು. ಬೈಯುತ್ತಾರೆಂದುಕೊಂಡೆ. ನನ್ನ ಕಂಕುಳಿನ ದಿಂಬನ್ನು ಕಿತ್ತುಕೊಂಡು, ನನ್ನದೇ ಕತ್ತರಿಯಿಂದ ಅದರ ಹೊಟ್ಟೆ ಸೀಳಿದರು. ಬೀದಿಯ ಹೆಂಗಸರೆಲ್ಲರ ಬಟ್ಟೆಚೂರುಗಳು ಹೊರಬಿದ್ದವು. ಅವುಗಳ ನಡುವೆ, ಬೇರೆಯಾಗಿ ನೀಟಾಗಿ ಮಡಿಸಿಟ್ಟ ನೇರಳೆ ರೇಷ್ಮೆ. ಗೌನಿನ ಕುತ್ತಿಗೆಯಿಂದ, ತೋಳಿನಿಂದ ನಾನು ಕತ್ತರಿಸಿ ಎಸೆದ ಚೂರುಗಳವು.

"ನೀನು ಒಳಗೆ ಬಟ್ಟೆ ಬಿಡ್ದೆ ಹೊಲಿದಿದ್ದು ಅವತ್ತೇ ನೋಡ್ದೆ ಕಣೇ. ಹೇಳಿದ್ರೆ ಕೇಳ್ತಿದ್ಯಾ? ನಾನೂ ನಾಲ್ಕು ಹೆತ್ತೋಳು. ಮೈ ಅನ್ನೋದು ನಾವು ಹೇಳಿದ ದಿನಕ್ಕೆ ಇಳಿಯಲ್ಲ" ಎಂದರು. ತೊಟ್ಟ ಬಟ್ಟೆಗೆ ಸ್ವಂತ ಕಂಕುಳಡಿ ತಾನೇ ಹೊಲಿಗೆ ಹಾಕಿಕೊಳ್ಳುವುದು ಯಾವ ದರ್ಜಿಯಿಂದಲೂ ಆಗದ ಕೆಲಸ. ಹಾಗಾಗಿ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಅತ್ತೆಯವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನನ್ನ ಹಿಂದೆ ಸ್ಟೂಲಿನ ಮೇಲೆ ಕೂತರು. ಪಕ್ಕದ ಹೊಲಿಗೆ ಬಿಚ್ಚಿ, ಆ ನೇರಳೆ ಚೂರುಗಳ ಪಟ್ಟಿ ಕೂಡಿಸಿ, "ಉಸಿರು ಬಿಡು, ನೆಟ್ಟಗೆ ನಿಲ್ಲು" ಎಂದು ನನಗೇ ಗದರಿದರು. ನೆಟ್ಟಗೆ ನಿಂತೆ. ಜಿಪ್ಪು ಪೂರ್ತಿ ಮೇಲೆ ಬಂತು. ಅತ್ತೆಯವರು ನನ್ನ ಭುಜದ ಪಕ್ಕದಿಂದ ಕನ್ನಡಿಯೊಳಗೆ ಇಣುಕಿ, ಸ್ವಲ್ಪ ಹೊತ್ತು ನೋಡಿ, "ಇರ್ಲಿ ಬಿಡು, ನೆಂಟ್ರು ಚೆನ್ನಾಗೇ ಇದಾರೆ" ಎಂದರು.

ಆದ್ದರಿಂದ ಮೇಲ್ಕಂಡ ಬೇಡಿಕೆಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ತಾವು ನಾಳೆ ಎಲ್ಲಿ ಬೇಕಾದರೂ ಕೂರಬಹುದು.

ಇಂತಿ, ತಮ್ಮಿಬ್ಬರನ್ನೂ ಹೊತ್ತು ತಿರುಗುವ,
ತಮ್ಮ ವಿಶ್ವಾಸಿ,
ದರ್ಜಿ ಅಂಗಡಿಯವಳು

ಮರೆತ ಮಾತು: ಮದುವೆ ಸಾಂಗವಾಗಿ ಮುಗಿಯಿತು, ಫೋಟೋದಲ್ಲಿ ನಾನು ಮಧ್ಯದಲ್ಲಿದ್ದೇನೆ. ಅದಾಗಿ ಕೆಲವು ವಾರಗಳಾದ ಮೇಲೆ, ಬಲಗಡೆಯವರೇ, ಇವತ್ತು ಬೆಳಗ್ಗೆ ನೋಡಿದರೆ ತಾವು ಎಡಗಡೆಯವರ ಸರಿಸಮಕ್ಕೆ, ನಾನು ಮೊದಲು ಡಾರ್ಟು ಹಾಕಿದ್ದ ಜಾಗಕ್ಕೇ, ಸದ್ದಿಲ್ಲದೆ ಬಂದು ಕೂತಿದ್ದೀರಿ. ಸ್ವಾಗತ. ಗೌನು ಈಗ ಆ ಕಡೆ ಒಂದಿಷ್ಟು ದೊಗಳೆಯಾಗಿದೆ, ಪಟ್ಟಿಯ ಹೊಲಿಗೆಯೂ ಅಂಕುಡೊಂಕಾಗಿದೆ, ನೋಡಿದಾಗಲೆಲ್ಲ ನನ್ನ ಕೈ ತುರಿಸುತ್ತದೆ. ಆದರೆ ಅದು ನಮ್ಮ ಅತ್ತೆ ಹಾಕಿದ ಹೊಲಿಗೆ, ನಾನು ಬಿಚ್ಚುವುದಿಲ್ಲ. ದೊಗಳೆಯೆಂದು ಬೇಸರವಾದರೆ ತಾವೇ ಮತ್ತೆ ಮೇಲೆ ಹತ್ತಿಕೊಳ್ಳಿ.