ಕಾಯುವವರ ಮಂತ್ರ

ಎಲ್ಲದಕ್ಕೂ ಮೂಲ ಒಂದು ‘ಟುಂಯ್ ಟುಂಯ್’ ಸದ್ದು. ಬಟ್ಟೆ ಒಗೆಯುವ ಯಂತ್ರದ ಕಂಪನಿಗೆ ಫೋನ್ ಮಾಡಿ ಕಾಯುವವರಿಗೆ ಕೇಳಿಸುತ್ತಿದ್ದ ಆ ಸದ್ದು ಅಂದು ಬೆಳಿಗ್ಗೆ ಕೆಟ್ಟು ನಿಂತಿತು.

ದೂರು ವಿಭಾಗದ ಗುಮಾಸ್ತನಿಗೆ ಕಚೇರಿಯಲ್ಲಿ ‘ಕ್ಷಮಿಸಿ’ ಎಂದೇ ಹೆಸರು. ಹನ್ನೊಂದು ವರ್ಷಗಳಿಂದ ದಿನಕ್ಕೆ ಸರಾಸರಿ ಎಂಬತ್ತು ಸಲ ಆತ ಹೇಳುತ್ತಿದ್ದ ಪದ ಅದು. ಅವನ ಆಸೆ ಒಂದೇ: ಮೇಲಂತಸ್ತಿನ ಬಿಡಿಭಾಗಗಳ ಉಗ್ರಾಣ. ದಪ್ಪ ಗೋಡೆ, ಒಂದು ಕಿಟಕಿ, ಫೋನಿಲ್ಲ. ರಬ್ಬರ್ ಬೆಲ್ಟುಗಳು ಯಾರನ್ನೂ ಬಯ್ಯುವುದಿಲ್ಲ. ಅಲ್ಲಿದ್ದ ಹಿರಿಯರು ನಿನ್ನೆಯಷ್ಟೇ ನಿವೃತ್ತರಾಗಿದ್ದರು.

“ಇವತ್ತು ಐದು ಗಂಟೆವರೆಗೆ ಒಬ್ಬ ಗಿರಾಕಿನೂ ಸಿಟ್ಟಾಗಿ ನನ್ನ ಹತ್ರ ಬರಬಾರ್ದು. ಆಮೇಲೆ ಉಗ್ರಾಣದ ವಿಚಾರ ನೋಡೋಣ,” ಎಂದಿದ್ದರು ಮ್ಯಾನೇಜರ್.

ಕಾಯುವವರಿಗೆ ಏನೂ ಕೇಳಿಸದಿದ್ದರೆ ಫೋನ್ ಕಟ್ಟಾಯಿತೆಂದು ಕೆಂಡವಾಗುತ್ತಾರೆ. ಗಾಬರಿಯಲ್ಲಿ ಚೀಲ ತಡಕಿದ ‘ಕ್ಷಮಿಸಿ’ಯ ಕೈಗೆ ಸಿಕ್ಕಿದ್ದು ಭಾವಮೈದನ ಪೆನ್‌ಡ್ರೈವ್. ಆ ಹುಡುಗ ಮಲಗುವ ಕೋಣೆಯಲ್ಲಿ ಕೂತು ಸಂಸ್ಕೃತ ಮಂತ್ರ ಹಾಡಿ, ಅದಕ್ಕೆ ಕೀಬೋರ್ಡು, ಗಿಟಾರು, ಎಲೆಕ್ಟ್ರಾನಿಕ್ ಡ್ರಮ್ಮು ಬೆರೆಸುವವನು. “ಒಂದ್ಸಲ ಕೇಳಿ ಭಾವ” ಎಂದು ಮೂರು ತಿಂಗಳಿಂದ ಜೀವ ತಿಂದಿದ್ದ. ಭಾವ ಕೇಳಿರಲಿಲ್ಲ. ಈಗಲೂ ಕೇಳದೆಯೇ, ಕಾಯುವವರಿಗೆ ಸದ್ದು ಕೇಳಿಸುವ ಫೋನಿನ ಪೆಟ್ಟಿಗೆಗೆ ಅದನ್ನು ಚುಚ್ಚಿದ.

ಮೊದಲ ಕರೆ, ದಿನವೂ ಬಯ್ಯುವ ಅಜ್ಜಿಯದು. ಅವರ ಯಂತ್ರ ಬಟ್ಟೆ ಹಿಂಡುವಾಗ ನಡೆದುಕೊಂಡು ಬಾಗಿಲವರೆಗೆ ಬರುತ್ತಿತ್ತು. ನಾಲ್ಕು ನಿಮಿಷ ಕಾಯಿಸಿದ ಮೇಲೆ ಆತ ಫೋನೆತ್ತಿದ.

“ಕ್ಷಮಿಸಿ ಅಮ್ಮಾ...”

“ಈಗ್ಲೇ ಯಾಕಪ್ಪಾ ಎತ್ತಿದೆ? ಆ ಶಾಂತಿಃ ಶಾಂತಿಃ ಮುಗೀಲಿ. ಆಮೇಲೆ ಬಯ್ತೀನಿ.”

“ನಿಮ್ಮ ಯಂತ್ರ...”

“ಅದೆಲ್ಲಿಗೆ ಹೋಗುತ್ತೆ? ಬಾಗಿಲಿಗೆ ಚಿಲಕ ಹಾಕಿದೀನಿ. ನೀನು ವಾಪಸ್ ಹಾಡಿಗೆ ಹಾಕು.”

ಮಧ್ಯಾಹ್ನದ ಹೊತ್ತಿಗೆ ಹದಿನಾರು ಲೈನುಗಳ ಹದಿನಾರು ದೀಪಗಳೂ ಉರಿಯುತ್ತಿದ್ದವು. ಒಂದೂ ಆರುತ್ತಿರಲಿಲ್ಲ. ಆಚೆ ತುದಿಯಲ್ಲಿ ಹದಿನಾರು ಮಂದಿ ಹಾಲು ಕುಡಿದ ಬೆಕ್ಕುಗಳಂತೆ ತೆಪ್ಪಗಿದ್ದರು.

“ಎತ್ತಲೇಬೇಡ ಕಣೋ,” ಎಂದಳು ಪಕ್ಕದ ಮೇಜಿನ ಟಪಾಲಿನ ಅಕ್ಕ. “ಎತ್ತಿದ್ರೆ ತಾನೇ ಬಯ್ಯೋದು?”

“ಎಲ್ಲಾ ಲೈನೂ ತುಂಬಿದ್ರೆ ಹೊಸಬ್ರು ಏನ್ಮಾಡ್ತಾರೆ?” ಎಂದ ಮೆಕ್ಯಾನಿಕ್, ಸ್ಕ್ರೂಡ್ರೈವರಿನಿಂದ ಬೆನ್ನು ಕೆರೆದುಕೊಳ್ಳುತ್ತ. “ನೇರ ಇಲ್ಲಿಗೇ ಬರ್ತಾರೆ. ಬಂದು ಮ್ಯಾನೇಜರ್ ಕೋಣೆಗೆ ನುಗ್ತಾರೆ.”

‘ಕ್ಷಮಿಸಿ’ ಪೆಟ್ಟಿಗೆಯತ್ತ ಓಡಿದ. ಪೆನ್‌ಡ್ರೈವ್ ಕಿತ್ತ. ಒಂದೊಂದೇ ಲೈನಿಗೆ ಕಿವಿಗೊಟ್ಟರೆ ಎಲ್ಲರದೂ ಒಂದೇ ಕೂಗು: “ಹಾಡೆಲ್ಲಿ ಹೋಯ್ತು?” ನಲವತ್ತನೆಯ ಸೆಕೆಂಡಿಗೆ ಮತ್ತೆ ಚುಚ್ಚಿದ.

ನಾಲ್ಕೂವರೆಗೆ ಪೊರಕೆ ಮೀಸೆಯ ಒಬ್ಬರು ದಾಪುಗಾಲು ಹಾಕುತ್ತ ಬಂದೇಬಿಟ್ಟರು. “ಬೆಳಿಗ್ಗೆಯಿಂದ ಲೈನೇ ಸಿಗ್ತಿಲ್ಲ! ಮ್ಯಾನೇಜರ್ ಎಲ್ಲಿ?” ಎನ್ನುತ್ತ ಮೆಟ್ಟಿಲೇರಿದರು. ದಪ್ಪ ಗೋಡೆ, ಕಿಟಕಿ, ಬೆಲ್ಟುಗಳು ಒಂದೊಂದಾಗಿ ‘ಕ್ಷಮಿಸಿ’ಯ ಕಣ್ಣೆದುರಿನಿಂದ ಜಾರಿಹೋದವು.

ಐದಕ್ಕೆ ಮ್ಯಾನೇಜರ್ ಕೆಳಗಿಳಿದು ಬಂದರು.

“ಕ್ಷಮಿಸಿ ಸರ್...”

“ಕ್ಷಮಿಸೋದೇನ್ರೀ! ಆ ಮನುಷ್ಯ ಬಂದಿದ್ದು ಜಗಳಕ್ಕಲ್ಲ. ಅವರ ಹೆಂಡ್ತಿ ಹತ್ತು ಗಂಟೆಯಿಂದ ನಮ್ಮ ಫೋನ್ ಕಿವಿಗಿಟ್ಕೊಂಡು ಕೂತಿದಾರಂತೆ. ಇವರಿಗೂ ಆ ಹಾಡು ಬೇಕಂತೆ. ಇಡೀ ದಿನ ಒಂದು ಬೈಗುಳಾನೂ ಇಲ್ಲ!”

“ಹಾಗಾದ್ರೆ ಸರ್... ಉಗ್ರಾಣ?”

“ಅದೂ ಇತ್ಯರ್ಥ ಆಯ್ತು. ದಪ್ಪ ಗೋಡೆ, ಸದ್ದಿಲ್ಲದ ಜಾಗ. ಹಾಡು ರೆಕಾರ್ಡ್ ಮಾಡೋಕೆ ಹೇಳಿ ಮಾಡಿಸಿದ ಹಾಗಿದೆ. ನಿಮ್ಮ ಭಾವಮೈದನಿಗೆ ಕೊಟ್ಬಿಟ್ಟೆ. ನಾಳೆಯಿಂದ ಬರ್ತಾರೆ.”

“ಅವನು ನಿಮಗೆ ಹೇಗೆ ಗೊತ್ತು ಸರ್?”

“ನಾನೂ ಹಾಡು ಕೇಳಿದೆ. ಕೊನೇಲಿ ಹೆಸರು, ನಂಬರು ಹೇಳ್ತಾರಲ್ಲ! ಫೋನ್ ಮಾಡಿದ್ರೆ ನಿಮ್ಮ ಸಂಬಂಧ ಅಂದ್ರು. ನೀವು ಕೇಳೇ ಇಲ್ವಾ? ಇನ್ನು ಬಿಡಿಭಾಗ ಎಲ್ಲ ನಿಮ್ಮ ಮೇಜಿನ ಸುತ್ತ ಜೋಡಿಸ್ತಾರೆ. ಫೋನಿನ ಜೊತೆ ಅದನ್ನೂ ನೋಡ್ಕೊಳ್ಳಿ.”

ಅವರು ಹೊರಟುಹೋದ ಮೇಲೆ ‘ಕ್ಷಮಿಸಿ’ಗೆ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ನಖಶಿಖಾಂತ ಸಿಟ್ಟು ಬಂತು. ಒಳಗಿನ ಫೋನಿನಲ್ಲಿ ಮ್ಯಾನೇಜರ್ ನಂಬರ್ ಒತ್ತಿದ. “ದಯವಿಟ್ಟು ಕಾಯಿರಿ” ಎಂದಿತು ಯಂತ್ರ. ಕಾಯುತ್ತ, ಹೇಳಬೇಕಾದ ಮೂರು ಖಾರವಾದ ವಾಕ್ಯಗಳನ್ನು ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡ.

ಅಷ್ಟರಲ್ಲಿ ಹಾಡು ಶುರುವಾಯಿತು. ಮೊದಲು ಒಂದೇ ಸ್ವರ, ತುಂಬಾ ಹೊತ್ತು. ಮೇಲೆ ಮಂತ್ರ. ಡ್ರಮ್ಮು ಎದೆಬಡಿತದ ಲೆಕ್ಕಕ್ಕೆ ಸರಿಯಾಗಿ ಬಂತು. ಮೂರನೆಯ ವಾಕ್ಯ ಮರೆತುಹೋಯಿತು. ಆಮೇಲೆ ಎರಡನೆಯದು.

“ಹಲೋ? ಏನ್ರೀ, ಹೇಳಿ,” ಎಂದರು ಮ್ಯಾನೇಜರ್.

“ಕ್ಷಮಿಸಿ ಸರ್,” ಎಂದ ಆತ, ಮುಚ್ಚಿದ ಕಣ್ಣು ಬಿಡದೆಯೇ. “ಈಗ್ಲೇ ಯಾಕೆ ಎತ್ತಿದ್ರಿ? ಒಂದ್ನಿಮಿಷ ವಾಪಸ್ ಹಾಡಿಗೆ ಹಾಕಿ.”