ಎಂಪಿ ಸಾಹೇಬರು ಬರೋ ತನಕ ಬೊಂಬೆ ಮಲಗೋಲ್ಲ

ನಾನು ಯಾವ ಊರಿಗೆ ಹೋದರೂ ಆರು ತಿಂಗಳೊಳಗೆ ಅಲ್ಲಿನ ಪೊಲೀಸ್ ಸ್ಟೇಷನ್ನಿನವರಿಗೆ ನನ್ನ ಮುಖಪರಿಚಯ ಆಗಿಯೇ ಆಗುತ್ತದೆ. ಕಳ್ಳತನ ಮಾಡಿ ಅಲ್ಲ, ಮೂಗು ತೂರಿಸಿ. ಮೈಸೂರಿನಲ್ಲಿ ಬೀದಿದೀಪದ ಜಗಳ, ಹೊಸೂರಿನಲ್ಲಿ ಮನೆ ಮುಂದೆ ಲಾರಿ ನಿಲ್ಲಿಸೋ ಜಗಳ, ಈಗ ನೈರೋಬಿಯಲ್ಲಿ ಓಣಿಯ ಜಗಳ. ನಮ್ಮೆಜಮಾನರು ಔಷಧಿ ಕಾರ್ಖಾನೆಯ ಮ್ಯಾನೇಜರು. ಎಲ್ಲಿಗೆ ವರ್ಗವಾದರೂ ಪೆಟ್ಟಿಗೆ ಇಳಿಸುವ ಮೊದಲೇ ಕೈ ಮುಗಿದು, ಇಲ್ಲಾದರೂ ಸುಮ್ಮನಿರು ತಾಯಿ ಅಂತಾರೆ. ಇರೋಣ ಅಂತಲೇ ನಾನೂ ಬಂದಿರ್ತೀನಿ.

೧. ನಡೆದರೆ ಹೆದರ್ತಾರೆ

ಸೌತ್ ಸಿ ಬಡಾವಣೆಯ ನಮ್ಮ ಮನೆಯಿಂದ ಮಟಾಟು ವ್ಯಾನು ಹಿಡಿಯುವ ದೊಡ್ಡ ರಸ್ತೆಗೆ ಒಂದೇ ಓಣಿ. ಎರಡೂ ಕಡೆ ಎತ್ತರದ ಕಾಂಪೌಂಡು, ದೀಪ ಇಲ್ಲ. ಈ ಊರಲ್ಲಿ ವರ್ಷವಿಡೀ ಏಳರೊಳಗೆ ಕತ್ತಲಾಗುತ್ತದೆ. ಸುತ್ತಲಿನ ಮನೆಗಳಲ್ಲಿ ಕೆಲಸ ಮುಗಿಸಿದ ಹೆಂಗಸರೆಲ್ಲ ಆ ಹೊತ್ತಿಗೇ ಅಲ್ಲಿ ನಡೆದು ಹೋಗಬೇಕು.

ಗೌರಿ ಹಬ್ಬದ ಸಂಜೆ ನಮ್ಮ ಮನೆ ಕೆಲಸದಾಕೆಯ ಬ್ಯಾಗನ್ನು ಇಬ್ಬರು ಕಿತ್ತುಕೊಂಡು ಅವಳನ್ನು ತಳ್ಳಿ ಓಡಿದರು. ಕೈ ಉಳುಕಿ ಊದಿಕೊಂಡಿತು. ಅವಳದು ನನ್ನದೇ ವಯಸ್ಸು. ಅವತ್ತು ಹಬ್ಬದ ಪಾತ್ರೆ ಅಂತ ಅವಳನ್ನು ಅರ್ಧ ಗಂಟೆ ಹೆಚ್ಚು ನಿಲ್ಲಿಸಿಕೊಂಡವಳು ನಾನು. ಇನ್ನೊಂದು ಸಲ ಹೀಗಾದರೆ ಕೆಲಸ ಬಿಡ್ತೀನಿ ಅಂದಳು. ಬೇಗ ಕಳಿಸಿಬಿಡು, ಮುಗೀತಲ್ಲ ಅಂದರು ಯಜಮಾನರು. ನಮ್ಮವಳನ್ನು ಬೇಗ ಕಳಿಸಬಹುದು, ಉಳಿದವರನ್ನು? ಓಣಿಯೇನು ಕಳ್ಳರ ಅಪ್ಪನ ಮನೆ ಆಸ್ತಿಯೇ? ಪೊಲೀಸರನ್ನು ಇಲ್ಲಿ ನಡೆಸೇ ನಡೆಸ್ತೀನಿ ಅಂತ ಅವಳಿಗೆ ಮಾತು ಕೊಟ್ಟೆ.

ಸ್ಟೇಷನ್ನಿನಲ್ಲಿ ಇನ್ಸ್‌ಪೆಕ್ಟರು ಬಹಳ ಮರ್ಯಾದೆಯಿಂದ ಕೂರಿಸಿ, ದೊಡ್ಡ ಪುಸ್ತಕದಲ್ಲಿ ದೂರು ಬರೆದುಕೊಂಡು ನಂಬರು ಕೊಟ್ಟರು. ಸಂಜೆ ಇಬ್ಬರನ್ನು ಕಳಿಸಿ ಅಂದೆ. ಜೀಪು ಕೆಟ್ಟಿದೆ ಅಂದರು. ನಡೆದರೆ ಹತ್ತೇ ನಿಮಿಷ ಅಂದೆ. ಅವರು ಪೆನ್ನು ಕೆಳಗಿಟ್ಟು, “ಮೇಡಂ, ಪೊಲೀಸರು ನಡೆದುಕೊಂಡು ಬಂದರೆ ಏನೋ ಆಗಿದೆ ಅಂತ ಜನ ಹೆದರ್ತಾರೆ” ಅಂದರು.

೨. ಐರ್ಲೆಂಡಿನ ಅಜ್ಜಿಯರು

ಎರಡು ವಾರದ ಮೇಲೆ ನಮ್ಮ ಏರಿಯಾದ ಎಂಪಿ ನಿವಾಸಿಗಳ ಸಭೆಗೆ ಬಂದರು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೈಕು. ಕಾನೂನು ಸುವ್ಯವಸ್ಥೆಯ ಬಗ್ಗೆ ಒಂದೂಕಾಲು ಗಂಟೆ ಮಾತಾಡಿದರು. ಅಧ್ಯಯನ ಪ್ರವಾಸಕ್ಕೆ ಅಂತ ಐರ್ಲೆಂಡಿಗೆ ಹೋಗಿದ್ದರಂತೆ. ಅಲ್ಲಿ ಪೊಲೀಸರು ಬಂದೂಕಿಲ್ಲದೆ ಬೀದಿಯಲ್ಲಿ ನಡೀತಾರೆ, ಅಜ್ಜಿಯರನ್ನು ನಿಲ್ಲಿಸಿ ಆರೋಗ್ಯ ವಿಚಾರಿಸ್ತಾರೆ, ಪೊಲೀಸು ಅಂದರೆ ಹಾಗೆ ಕಣ್ಣಿಗೆ ಕಾಣಬೇಕು, ಅದೇ ನನ್ನ ಸಿದ್ಧಾಂತ ಅಂದರು. ನಾನು ಕೈ ಎತ್ತಿ, ಸ್ವಾಮಿ, ಐರ್ಲೆಂಡಿನ ಅಜ್ಜಿಯರು ಚೆನ್ನಾಗಿದ್ದಾರೆ, ಸಂತೋಷ, ನಮ್ಮ ಓಣಿಯ ಅಜ್ಜಿಯರ ಗತಿ ಏನು ಅಂದೆ. ಬಹಳ ಒಳ್ಳೆಯ ಪ್ರಶ್ನೆ ಅಂತ ಚಪ್ಪಾಳೆ ತಟ್ಟಿಸಿ, ಕಾರು ಹತ್ತಿದರು.

ಆದರೆ ನಾನು ಒಂದು ವಿಷಯ ಗಮನಿಸಿದ್ದೆ. ಅವರು ಇದ್ದಷ್ಟು ಹೊತ್ತೂ ಓಣಿಯುದ್ದಕ್ಕೂ ಒಂಬತ್ತು ಜನ ಪೊಲೀಸರು ನಿಂತಿದ್ದರು. ಕೆಟ್ಟ ಜೀಪೂ ಬಂದಿತ್ತು.

೩. ಕರೆಯೋ ಶಾಸ್ತ್ರ

ನವರಾತ್ರಿ ಹತ್ತಿರ ಬಂತು. ನಾನು ಎಲ್ಲಿದ್ದರೂ ಬೊಂಬೆ ಕೂರಿಸೋದು ತಪ್ಪಿಸಿದವಳಲ್ಲ. ಪಟ್ಟದ ರಾಜ ರಾಣಿಯರನ್ನು ಹ್ಯಾಂಡ್ ಬ್ಯಾಗಿನಲ್ಲಿಟ್ಟುಕೊಂಡು ವಿಮಾನ ಹತ್ತಿದ್ದೆ. ಒಂಬತ್ತು ದಿನ, ದಿನಾ ಸಂಜೆ ಆರಕ್ಕೆ ಜನ ಬೊಂಬೆ ನೋಡೋಕೆ ಬರಬೇಕು. ಯಾಕೆ ಎಂಪಿ ಬರಬಾರದು ಅನ್ನಿಸಿತು.

ರೇಷ್ಮೆ ಸೀರೆ ಉಟ್ಟು, ಬೆಳ್ಳಿ ಭರಣಿಯಲ್ಲಿ ಕುಂಕುಮ ಹಿಡಿದು, ಅವರ ಕಚೇರಿಗೇ ಹೋಗಿ ಕರೆದೆ. ಅವರಿರಲಿಲ್ಲ, ಟೈ ಕಟ್ಟಿದ ಸಹಾಯಕ ಇದ್ದ. ಭರಣಿ ಮುಂದೆ ಹಿಡಿದರೆ, ಮಸಾಲೆ ಅಂಗಡಿಯವಳು ಸ್ಯಾಂಪಲ್ ತಂದಿದ್ದಾಳೆ ಅಂದುಕೊಂಡು ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡುಬಿಟ್ಟ. ನೀರು ಕುಡಿದು ಸುಧಾರಿಸಿಕೊಂಡು ಡೈರಿ ನೋಡಿದ. ಮಾನ್ಯರು ಒಂಬತ್ತರಲ್ಲಿ ಯಾವುದೋ ಒಂದು ಸಂಜೆ ಖಂಡಿತ ಬರ್ತಾರೆ, ಸ್ಟೇಷನ್ನಿಗೆ ತಿಳಿಸ್ತೀವಿ, ಭದ್ರತೆಯ ಕಾರಣ ಯಾವ ದಿನ ಅಂತ ಹೇಳೋಕಾಗಲ್ಲ ಅಂದ.

“ಹೇಳಲೇಬೇಡಿ” ಅಂದೆ. “ಪೊಲೀಸರಿಗಂತೂ ಯಾವ ದಿನ ಅಂತ ಹೇಳಲೇಬೇಡಿ.”

೪. ಉಸ್ಲಿ

ಮೊದಲನೇ ದಿನ ಐದೂವರೆಗೇ ಆರು ಜನ ಪೊಲೀಸರು ಓಣಿಯಲ್ಲಿ ಸಾಲಾಗಿ ನಿಂತರು. ಎಂಪಿ ಬರಲಿಲ್ಲ. ಎರಡನೇ ದಿನವೂ ನಿಂತರು, ಎಂಪಿ ಬರಲಿಲ್ಲ. ನಮ್ಮವಳು ಕೈಬೀಸಿಕೊಂಡು, ಹಾಡು ಗುನುಗಿಕೊಂಡು ಮನೆಗೆ ಹೋದಳು. ಅವಳ ಹಿಂದೆ ಬೇರೆ ಮನೆಯ ಹೆಂಗಸರೂ ಹೋದರು. ನನಗೆ ಕಣ್ಣು ತುಂಬಿ ಬಂತು.

ನಿಂತವರಿಗೆ ದಿನಾ ಒಂದೊಂದು ಉಸ್ಲಿ ಕೊಟ್ಟೆ. ಇಲ್ಲಿನವರು ಮೆಕ್ಕೆಜೋಳಕ್ಕೆ ಬೀನ್ಸ್ ಹಾಕಿ ಬೇಯಿಸಿ ಗಿಥೇರಿ ಅಂತ ಮಾಡ್ತಾರೆ. ಕಡಲೆಕಾಳು ಉಸ್ಲಿ ತಿಂದ ಒಬ್ಬ ಕಾನ್‌ಸ್ಟೆಬಲ್, ಇದು ಜೋಳ ಮರೆತ ಗಿಥೇರಿ ಅಂತ ತೀರ್ಪು ಕೊಟ್ಟ. ಐದನೇ ದಿನ ಅದೇ ಮನುಷ್ಯ ಅಡುಗೆಮನೆ ಕಿಟಕಿಗೆ ಬಂದು, ನಿನ್ನೆ ಉಪ್ಪು ಸ್ವಲ್ಪ ಮುಂದಾಗಿತ್ತು ಅಂದ.

೫. ನಿದ್ದೆ ಬಾರದ ರಾಜ ರಾಣಿ

ವಿಜಯದಶಮಿಯೂ ಆಯಿತು, ಎಂಪಿ ಬರಲಿಲ್ಲ. ಸಂಜೆ ರಾಜ ರಾಣಿಯರನ್ನು ಮಲಗಿಸಿದರೆ ಬೊಂಬೆ ಮುಗಿದ ಹಾಗೆ. ನಾನು ಮಲಗಿಸಲಿಲ್ಲ. ಕರೆದ ಅತಿಥಿ ಬರೋ ತನಕ ಹೇಗೆ ಮಲಗಿಸೋದು? ಪೊಲೀಸರೂ ದಿನಾ ಸಂಜೆ ಓಣಿಗೆ ಬರ್ತಲೇ ಇದ್ದರು. ಯಜಮಾನರು ಎರಡು ವಾರ ನೋಡಿದರು. ಮೈಸೂರು ಮಹಾರಾಜರೂ ಇಷ್ಟು ದಿನ ದರ್ಬಾರು ಮಾಡಿರಲಿಲ್ಲ ಕಣೇ ಅಂದರು.

ಮೂರನೇ ವಾರ ಇನ್ಸ್‌ಪೆಕ್ಟರೇ ಬಂದರು. ಹಬ್ಬ ಯಾವಾಗ ಮುಗಿಯುತ್ತೆ ಅಂದರು. ಬೊಂಬೆ ಮಲಗಿದಾಗ ಅಂದೆ. ಯಾವಾಗ ಮಲಗುತ್ತವೆ ಅಂದರು. ಎಂಪಿ ಬಂದು ಹೋದಾಗ ಅಂದೆ. ಅವರು ಬೂಟು ಬಿಚ್ಚಿ ಒಳಗೆ ಬಂದು, ರಾಜ ರಾಣಿಯರನ್ನೇ ಬಹಳ ಹೊತ್ತು ನೋಡಿದರು.

“ಮೇಡಂ, ಇವರಿಗೆ ನಿದ್ದೆ ಬರಬೇಕಾದರೆ ನಾನೇನು ಮಾಡಬೇಕು?”

“ದಿನಾ ಸಂಜೆ ಆರರಿಂದ ಏಳೂವರೆ. ಇಬ್ಬರು ಸಾಕು. ನಡೆದುಕೊಂಡು ಬರಲಿ.”

ಬರೆದುಕೊಡಿ ಅಂದೆ. ಡ್ಯೂಟಿ ಪುಸ್ತಕ ತರಿಸಿ, ನನ್ನೆದುರೇ ಬರೆದು ಸಹಿ ಹಾಕಿದರು. ಅವರು ಗೇಟು ದಾಟುವಷ್ಟರಲ್ಲಿ ರಾಜ ರಾಣಿ ಗೊರಕೆ ಹೊಡೀತಿದ್ದರು.

೬. ಅತಿಥಿ ಬಂದರು

ಬೊಂಬೆ ಪೆಟ್ಟಿಗೆ ಸೇರಿ ಹತ್ತು ದಿನವಾಗಿತ್ತು. ಸಂಜೆ ಆರೂವರೆಗೆ ಸೈರನ್ನು ಕೇಳಿಸಿತು. ಎಂಪಿ! ಬೊಂಬೆ ಇಟ್ಟಿದ್ದ ಖಾಲಿ ಮೆಟ್ಟಿಲು ನೋಡಿ, ಬಹಳ ಸುಂದರವಾಗಿದೆ ಅಂದರು. ಮನೆಯಲ್ಲಿದ್ದ ಹೆಸರುಕಾಳು ಉಸ್ಲಿ ಕೊಟ್ಟೆ, ತಿಂದರು.

ಕಳಿಸಿಕೊಡೋಕೆ ಹೊರಗೆ ಬಂದರೆ ಓಣಿಯಲ್ಲಿ ನಮ್ಮ ಇಬ್ಬರು ಪೊಲೀಸರು ನಿಧಾನವಾಗಿ ನಡೆದು ಬರ್ತಿದ್ದರು. ನಮ್ಮವಳು ಹೊಸ ಬ್ಯಾಗು ತೂಗುಹಾಕಿಕೊಂಡು ನಿಂತಿದ್ದಳು. ಉಪ್ಪಿನ ಕಾನ್‌ಸ್ಟೆಬಲ್ಲು ಅವಳಿಗೆ ಕೈ ನೋವು ಹೇಗಿದೆ ಅಂತ ವಿಚಾರಿಸ್ತಿದ್ದ.

ಎಂಪಿ ಅಲ್ಲೇ ನಿಂತುಬಿಟ್ಟರು. ಇದೇ, ಇದೇ ನಾನು ಐರ್ಲೆಂಡಿನಲ್ಲಿ ನೋಡಿದ್ದು, ನನ್ನ ಸಿದ್ಧಾಂತ ಕೊನೆಗೂ ಜಾರಿಗೆ ಬಂತು ಅಂತ ಸಹಾಯಕನಿಗೆ ಫೋಟೋ ತೆಗೆಯಲು ಹೇಳಿದರು. ಕಾನ್‌ಸ್ಟೆಬಲ್ಲಿನ ಭುಜ ತಟ್ಟಿ, ಎಷ್ಟು ದಿನದಿಂದ ಹೀಗೆ ನಡೀತಿದ್ದೀರಿ ಅಂತ ಕೇಳಿದರು.

ಅವನು ನನ್ನ ಕಡೆ ಒಂದು ಸಲ ನೋಡಿ, ಎದೆಯುಬ್ಬಿಸಿ ಸೆಲ್ಯೂಟ್ ಹೊಡೆದ.

“ತಾವು ಬರ್ತೀನಿ ಅಂದ ದಿನದಿಂದ, ಸರ್.”